ತೂಬು ಮತ್ತು ಕೋಡಿ

ನಮ್ಮ ಸಂತೇಬೆನ್ನೂರಿನವರಿಗೆ ದ್ವೀಪವೆಂಬುದು ತೀರಾ ಹೊಸ ಸಂಗತಿಯಲ್ಲ. ಪುಷ್ಕರಣಿಯ ನಡುನೀರಿನಲ್ಲಿ ನಿಂತಿರುವ ವಸಂತ ಮಂಟಪವನ್ನು ದ್ವೀಪವೆನ್ನದೆ ಇನ್ನೇನೆನ್ನುವುದು? ಸುತ್ತ ಮೆಟ್ಟಿಲು, ಮೆಟ್ಟಿಲ ಬುಡದಲ್ಲಿ ನೀರು, ನೀರಿನ ನಡುವೆ ಅದು. ಪಾಳೆಯಗಾರ ಹನುಮಪ್ಪನಾಯಕ ಕಟ್ಟಿಸಿದ ಈ ಹೊಂಡದ ದಂಡೆಯಲ್ಲೇ ಮುಸಾಫಿರ್‌ಖಾನೆಯೂ ಇದೆ. ಅದು ಬಿಜಾಪುರದವರ ಕಾಲದ್ದು ಎನ್ನುತ್ತಾರೆ. ಹೆಸರೇ ಹೇಳುವಂತೆ ದಾರಿಹೋಕರ ತಂಗುಮನೆ. ಯಾರು ಬಂದಾರು, ಯಾವ ಕಡೆಯಿಂದ ಬಂದಾರು, ಎಷ್ಟು ದಿನ ನಿಂತಾರು ಎಂಬುದು ಅದನ್ನು ಕಟ್ಟಿಸಿದವನಿಗೆ ಗೊತ್ತಿರಲು ಸಾಧ್ಯವಿರಲಿಲ್ಲ. ಬಂದವನಿಗೆ ತಲೆಯ ಮೇಲೊಂದು ಸೂರು ಬೇಕಾಗುತ್ತದೆ ಎಂಬಷ್ಟು ಗೊತ್ತಿತ್ತು. ಅಷ್ಟನ್ನು ಮಾಡಿಟ್ಟ, ಉಳಿದದ್ದನ್ನು ಬರುವವರಿಗೇ ಬಿಟ್ಟ.

ಪ್ರಯಾಣಕ್ಕೆ ಎಷ್ಟು ಸಿದ್ಧತೆ ಬೇಕು ಎಂಬ ಪ್ರಶ್ನೆ ಮೇಲುನೋಟಕ್ಕೆ ಚಿಲ್ಲರೆ ಪ್ರಶ್ನೆ. ಪೆಟ್ಟಿಗೆಯಲ್ಲಿ ಎಷ್ಟು ಜೊತೆ ಬಟ್ಟೆ ಇಡಬೇಕು ಎನ್ನುವಷ್ಟೇ ಸಣ್ಣದು. ಆದರೆ ಅದನ್ನು ಸ್ವಲ್ಪ ಹಿಂಜಿದರೆ ಒಳಗಿನಿಂದ ದೊಡ್ಡ ಪ್ರಶ್ನೆಯೊಂದು ಹೊರಬರುತ್ತದೆ. ಇನ್ನೂ ಬಾರದ ದಿನಗಳ ಮೇಲೆ ನಮಗೆ ಎಷ್ಟು ಹಕ್ಕಿದೆ? ಅದರಲ್ಲೂ, ಆ ದಿನಗಳು ನಮ್ಮವಲ್ಲದೆ ಇನ್ನೊಬ್ಬರವಾದಾಗ?

ಈ ಪ್ರಶ್ನೆ ನಮ್ಮ ಮನೆಗೆ ಬಂದದ್ದು ಒಂದು ಹಾಳೆಯ ರೂಪದಲ್ಲಿ. ನನ್ನ ಅಕ್ಕನಿಗೆ ಆಗ 68 ವರ್ಷ. ಭಾವ ತೀರಿಕೊಂಡ ಮೇಲೆ ಅಡಿಕೆ ತೋಟವನ್ನು ಒಬ್ಬಳೇ ನೋಡಿಕೊಂಡು, ಮಗನನ್ನು ಇಂಜಿನಿಯರಿಂಗ್ ಓದಿಸಿದವಳು. ಅವಳು ಕಂಡ ಅತಿ ದೊಡ್ಡ ನೀರು ಸೂಳೆಕೆರೆ. ಧರ್ಮಸ್ಥಳಕ್ಕೆ ಹೋಗಿದ್ದಾಳೆ, ಉಳವಿಗೆ ಹೋಗಿದ್ದಾಳೆ, ಆದರೆ ಸಮುದ್ರದವರೆಗೆ ಅವಳ ದಾರಿ ಎಂದೂ ಹೋಗಿರಲಿಲ್ಲ. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ಮಗ, ತಾಯಿಗೆ ಸಮುದ್ರ ತೋರಿಸಬೇಕೆಂದು ನಿಶ್ಚಯಿಸಿದ. ತೋರಿಸುವುದಾದರೆ ಸುಮ್ಮನೆ ದಡದಲ್ಲಿ ನಿಲ್ಲಿಸಿ ತೋರಿಸುವುದಲ್ಲ, ನಡುಸಮುದ್ರದಲ್ಲೇ ತೋರಿಸಬೇಕೆಂದು ಅಂಡಮಾನಿಗೆ ವಿಮಾನದ ಟಿಕೆಟ್ ತೆಗೆದ. ಅವನು, ಹೆಂಡತಿ, ಮಗಳು, ಅಕ್ಕ, ಅವಳಿಗೆ ಮಾತಿನ ಜೊತೆಗೆಂದು ನಾನು. 2024ರ ಡಿಸೆಂಬರಿನಲ್ಲಿ, ಅಡಿಕೆ ಕೊಯ್ಲು ಮುಗಿದ ಮೇಲೆ, ಆರು ದಿನ.

ಹಾಳೆಯಲ್ಲಿ ಆ ಆರು ದಿನಗಳನ್ನು ಅರ್ಧರ್ಧ ಗಂಟೆಗೆ ಹೋಳು ಮಾಡಿದ್ದ. ಬೆಳಗಿನ ಕಾಫಿಗೆ ಹೊತ್ತು ಗೊತ್ತಾಗಿತ್ತು. ಫೋಟೋ ತೆಗೆಯುವುದಕ್ಕೂ ಗೊತ್ತಾಗಿತ್ತು. 'ವಿಶ್ರಾಂತಿ' ಎಂದು ಒಂದು ಸಾಲು ಇತ್ತು, ಅದು ಮೂರರಿಂದ ಮೂರೂವರೆ. ನಾನು ಅದನ್ನು ಓದಿ ಹೇಳಿದೆ. ಅಕ್ಕ ಅಡಿಕೆ ಆರಿಸುವ ಕೈ ನಿಲ್ಲಿಸದೆ ಕೇಳಿ, "ಇದ್ರಾಗೆ ನಾನು ಸಮುದ್ರ ನೋಡದು ಎಷ್ಟೊತ್ತಿಗೆ ತಮ್ಮಾ?" ಅಂದಳು. ಎಲ್ಲವೂ ಸಮುದ್ರವೇ ಅಕ್ಕ ಎಂದೆ. "ಅಲ್ಲ, ಸುಮ್ನೆ ಕುಂತು ನೋಡದು" ಅಂದಳು. ಹಾಳೆಯನ್ನು ಎರಡು ಸಲ ತಿರುವಿ ಹಾಕಿದೆ. ಅಂಥ ಸಾಲು ಇರಲಿಲ್ಲ.

ಇಲ್ಲಿಂದ ಮುಂದೆ ಹುಡುಗನನ್ನು ಗೇಲಿ ಮಾಡುವುದು ಸುಲಭ. ನಮ್ಮ ವಯಸ್ಸಿನವರು ಬಲು ಬೇಗ ಆ ಕೆಲಸಕ್ಕೆ ಕೈಹಾಕುತ್ತೇವೆ. ನಮ್ಮ ಕಾಲದಲ್ಲಿ ಬುತ್ತಿ ಕಟ್ಟಿಕೊಂಡು ಹೊರಟರೆ ಆಯಿತು, ಸಿಕ್ಕ ಬಸ್ಸು ಹತ್ತುವುದು, ಛತ್ರದಲ್ಲಿ ಮಲಗುವುದು, ಎಲ್ಲ ಸಲೀಸು ಎಂದು ಹೇಳಿಕೊಳ್ಳುತ್ತೇವೆ. ಅದು ನಿಜವೂ ಹೌದು. ಆದರೆ ಬಯಲುಸೀಮೆಯ ಪ್ರಯಾಣದ ನೀತಿಯನ್ನು ದ್ವೀಪಕ್ಕೆ ಹಚ್ಚುವುದು ನ್ಯಾಯವಲ್ಲ. ಚನ್ನಗಿರಿಯಲ್ಲಿ ಬಸ್ಸು ತಪ್ಪಿದರೆ ಇನ್ನೊಂದು ಬರುತ್ತದೆ, ಅದೂ ಬಾರದಿದ್ದರೆ ಲಾರಿ ಇದೆ, ಏನೂ ಇಲ್ಲದಿದ್ದರೆ ಕಾಲಿದೆ. ದ್ವೀಪದಲ್ಲಿ ಕಾಲಿಗೆ ಬೆಲೆಯಿಲ್ಲ. ನೆಲ ಮುಗಿದಲ್ಲಿ ನಮ್ಮ ಉಪಾಯವೂ ಮುಗಿಯುತ್ತದೆ.

ನಮಗೆ ಹತ್ತಿರದ ಉದಾಹರಣೆಯೆಂದರೆ ಮಲ್ಪೆಯ ಎದುರಿಗಿರುವ ಸೇಂಟ್ ಮೇರೀಸ್ ದ್ವೀಪ. ಕಂಬ ಕಂಬವಾಗಿ ನಿಂತ ಆ ಕಲ್ಲುಗಳನ್ನು ನೋಡಿ ಸಂಜೆಯೊಳಗೆ ದೋಣಿ ಹತ್ತಿ ಮರಳಲೇಬೇಕು. ಮಳೆಗಾಲದಲ್ಲಂತೂ ದೋಣಿಯೇ ಇಲ್ಲ. ದಿನವನ್ನೂ ತಿಂಗಳನ್ನೂ ಕೇಳದೆ ಹೊರಟವನು ಮಲ್ಪೆಯ ದಡದಲ್ಲಿ ಮೀನಿನ ವಾಸನೆ ಕುಡಿದು ಬರಬೇಕಾಗುತ್ತದೆ. ಇನ್ನು ಲಕ್ಷದ್ವೀಪ. ಅದರ ಉತ್ತರ ಭಾಗದ ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲತ್, ಬಿತ್ರ ಎಂಬ ದ್ವೀಪಗಳು ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವೆಂಬುದು ನಮ್ಮಲ್ಲಿ ಅನೇಕರಿಗೆ ಮರೆತುಹೋಗಿದೆ. ಕನ್ನಡನಾಡು ಒಂದಾದ 1956ರ ನವೆಂಬರ್ 1ರಂದೇ ಅವು ಜಿಲ್ಲೆಯಿಂದ ಬೇರೆಯಾಗಿ ಕೇಂದ್ರಾಡಳಿತ ಪ್ರದೇಶಕ್ಕೆ ಸೇರಿದವು. ಈಗ ಅಲ್ಲಿಗೆ ಹೋಗಬೇಕಾದರೆ ಮೊದಲು ಅನುಮತಿ ಪಡೆಯಬೇಕು. ಅದಕ್ಕೆ ಕಾರಣಗಳಲ್ಲಿ ಒಂದು ನೆಲದಡಿಯಲ್ಲೇ ಇದೆ. ಜನವಸತಿಯಿರುವ 10 ದ್ವೀಪಗಳೂ ಸೇರಿ ಇಡೀ ಲಕ್ಷದ್ವೀಪದ ನೆಲ ಸುಮಾರು 32 ಚದರ ಕಿಲೋಮೀಟರು. ಹವಳದ ಮರಳಿನಡಿಯಲ್ಲಿ ಉಪ್ಪುನೀರಿನ ಮೇಲೆ ತೆಳುವಾದ ಪದರವಾಗಿ ಮಳೆಯ ಸಿಹಿನೀರು ತೇಲುತ್ತಿರುತ್ತದೆ. ಅಲ್ಲಿನವರು ಬಾವಿಯಲ್ಲಿ ಸೇದುವುದು ಅದನ್ನೇ. ಹೆಚ್ಚು ಸೇದಿದರೆ ಕೆಳಗಿನ ಉಪ್ಪು ಮೇಲೆ ಬರುತ್ತದೆ. ಅಲ್ಲಿ ಒಬ್ಬ ಅತಿಥಿ ಹೆಚ್ಚಾದರೆ ಅದು ಯಾರದೋ ಮನೆಯ ಕೊಡದ ಲೆಕ್ಕ.

ಆದ್ದರಿಂದ ಯೋಜನೆಯೆಂಬುದು ಕೇವಲ ಹೋಗುವವನ ಅನುಕೂಲದ ಮಾತಲ್ಲ, ಅದು ಅಲ್ಲಿರುವವರ ಋಣದ ಮಾತು. ಹೇಳದೆ ಕೇಳದೆ ಹೋಗುವ ಅತಿಥಿಯನ್ನು ನಮ್ಮ ಹಿರಿಯರು ದೇವರೆಂದರು, ಸರಿ. ಆದರೆ ಹಗೇವಿನಲ್ಲಿ ಜೋಳವಿದ್ದ, ಹಿತ್ತಲಲ್ಲಿ ಬಾವಿಯಿದ್ದ ಮನೆಯವರು ಆಡಿದ ಮಾತು ಅದು. ಹಿಡಿಯಷ್ಟು ನೆಲದಲ್ಲಿ ಬದುಕುವವರ ಮನೆಗೆ ಮುಂಚಿತವಾಗಿ ಹೇಳಿ ಹೋಗುವುದೇ ಸಭ್ಯತೆ.

ಹಾಗಾದರೆ ಅಳಿಯನ ಹಾಳೆಯೇ ಸರಿಯೆಂದಾಯಿತೆ? ಅರ್ಧ ಸರಿ. ಡಿಸೆಂಬರಿನಲ್ಲಿ ಅಂಡಮಾನಿನಲ್ಲಿ ಸಂಜೆ ಐದರ ಹೊತ್ತಿಗೆಲ್ಲ ಸೂರ್ಯ ಮುಳುಗುತ್ತಾನೆ. ಆ ದ್ವೀಪಗಳು ಅಷ್ಟು ದೂರ ಪೂರ್ವದಲ್ಲಿದ್ದರೂ ಗಡಿಯಾರ ಮಾತ್ರ ನಮ್ಮದೇ. ಇದು ಗೊತ್ತಿಲ್ಲದವನು ಸೂರ್ಯಾಸ್ತ ನೋಡಲೆಂದು ಆರು ಗಂಟೆಗೆ ಕಡಲತೀರಕ್ಕೆ ಹೋದರೆ ಕತ್ತಲೆಯನ್ನು ನೋಡಿ ಬರುತ್ತಾನೆ. ಹುಡುಗ ಅದನ್ನು ತಿಳಿದುಕೊಂಡಿದ್ದ. ತಾಯಿಯ ಬಿ.ಪಿ. ಮಾತ್ರೆಗಳನ್ನು ಆರು ದಿನಕ್ಕಲ್ಲ, ಹದಿನೈದು ದಿನಕ್ಕಾಗುವಷ್ಟು ಎರಡು ಚೀಲಗಳಲ್ಲಿ ಬೇರೆ ಬೇರೆಯಾಗಿ ಇಟ್ಟಿದ್ದ. ಇಂಥ ಕಡೆ ಅವನ ಕೈಗೆ ಮುತ್ತಿಡಬೇಕೆನಿಸುತ್ತದೆ.

ಉಳಿದರ್ಧದ ವಿಚಾರಕ್ಕೆ ನಮ್ಮ ಕೆರೆಯನ್ನೇ ಕೇಳಬೇಕು. ಸೂಳೆಕೆರೆಗೆ ಸಿದ್ಧತೂಬು, ಬಸವತೂಬು ಎಂದು ಎರಡು ತೂಬುಗಳಿವೆ. ಶಾಂತವ್ವನ ಕಥೆ ಏನೇ ಇರಲಿ, ಆ ಏರಿಯನ್ನು ಕಟ್ಟಿದವರು ನೀರಿನ ಲೆಕ್ಕ ಬಲ್ಲವರು. ತೂಬು ಎಂದರೆ ಗೊತ್ತುಮಾಡಿದ ನೀರು: ಯಾವ ಗದ್ದೆಗೆ, ಯಾವ ತಿಂಗಳು, ಎಷ್ಟು ಎಂದು ಮನುಷ್ಯ ಬಿಡುವ ನೀರು. ಆದರೆ ಕೆರೆ ಕಟ್ಟುವವನು ಬರೀ ತೂಬು ಇಟ್ಟು ಮನೆಗೆ ಹೋಗುವುದಿಲ್ಲ. ಕೋಡಿಯನ್ನೂ ಇಡುತ್ತಾನೆ. ಕೋಡಿ ಎಂದರೆ ತನ್ನ ಲೆಕ್ಕಕ್ಕೆ ಸಿಗದ ಮಳೆಯೊಂದು ಬರುತ್ತದೆಂದು ಒಪ್ಪಿಕೊಂಡು ಬಿಟ್ಟ ಜಾಗ. ಯಾವ ವರ್ಷ ಬರುತ್ತದೋ ತಿಳಿಯದು, ಬರುವುದಂತೂ ಖಂಡಿತ. ತೂಬಿಲ್ಲದ ಕೆರೆಯಿಂದ ಪ್ರಯೋಜನವಿಲ್ಲ. ಕೋಡಿಯಿಲ್ಲದ ಕೆರೆ ಉಳಿಯುವುದಿಲ್ಲ, ಒಂದು ರಾತ್ರಿ ಏರಿಯೇ ಒಡೆದು ಕೆಳಗಿನ ಊರು ತೇಲಿಹೋಗುತ್ತದೆ. ಕೋಡಿ ಸೋಮಾರಿತನದ ಗುರುತಲ್ಲ. ಅದನ್ನೂ ಕಲ್ಲು ಕಡಿದು, ಮಟ್ಟ ನೋಡಿ, ಬುದ್ಧಿವಂತಿಕೆಯಿಂದಲೇ ಕಟ್ಟಬೇಕು.

ಅಡಿಕೆ ಬೆಳೆಗಾರ ಯೋಜನೆ ಗೊತ್ತಿಲ್ಲದವನೆಂದು ಯಾರೂ ಹೇಳಲಾರರು. ಇಂದು ಸಸಿ ಇಟ್ಟರೆ ಫಸಲು ಕಾಣಲು ಐದಾರು ವರ್ಷ ಕಾಯಬೇಕು. ಮರದ ಮೇಲಿನ ಕಾಯನ್ನು ಖೇಣಿಗೆ ಕೊಡುವಾಗ ಗೊನೆ ನೋಡಿ ಇಷ್ಟು ಕ್ವಿಂಟಾಲ್ ಎಂದು ಅಂದಾಜು ಕಟ್ಟಬೇಕು. ಆದರೆ ಅಕ್ಕ ಎಂದೂ ನಾಳೆ ಬೆಳಿಗ್ಗೆ ಹತ್ತೂವರೆಗೆ ಏನು ಮಾಡುತ್ತೇನೆಂದು ಬರೆದಿಟ್ಟವಳಲ್ಲ. ಅದನ್ನು ಮೋಡ ಹೇಳುತ್ತದೆ, ಮೋಟಾರಿನ ಕರೆಂಟು ಹೇಳುತ್ತದೆ, ಬರುವ ಆಳು ಹೇಳುತ್ತಾನೆ. ಅವಳ ಯೋಜನೆ ವರ್ಷಗಳದು, ಮಗನದು ಗಂಟೆಗಳದು. ವರ್ಷಗಳನ್ನು ಯೋಜಿಸುವವರಿಗೆ ಗಂಟೆಗಳನ್ನು ಬಿಟ್ಟುಕೊಡುವ ಧೈರ್ಯ ಇರುತ್ತದೆ. ಮುಂದಿನ ವರ್ಷ ಎಲ್ಲಿರುತ್ತೇನೋ, ಯಾವ ಕಂಪನಿಯಲ್ಲೋ ಎಂದು ತಿಳಿಯದವನು ಕೈಗೆ ಸಿಕ್ಕ ಗಂಟೆಗಳನ್ನಾದರೂ ಬಿಗಿಯಾಗಿ ಹಿಡಿದುಕೊಳ್ಳುತ್ತಾನೆ. ಹೀಗೆ ನೋಡಿದರೆ ಅವನ ಹಾಳೆ ಜಂಬದ್ದಲ್ಲ, ಅಂಜಿಕೆಯದು. ಅದಕ್ಕೇ ಅವನ ಮೇಲೆ ಸಿಟ್ಟು ಬರಲಿಲ್ಲ.

ಅಂಜಿಕೆಯನ್ನು ಅವನೇ ಒಂದು ಸಂಜೆ ಬಾಯಿಬಿಟ್ಟು ಹೇಳಿದ. "ಮಾವ, ಅವ್ವಂಗೆ ಇದು ಮೊದಲನೇ ಸಲ. ಇನ್ನೊಂದ್ಸಲ ಕರ್ಕೊಂಡು ಹೋಗಕ್ಕೆ ಆಗುತ್ತೋ ಇಲ್ವೋ. ಒಂದೂ ತಪ್ಪಬಾರದು." ಈ ಮಾತಿಗೆ ಉತ್ತರ ಹೇಳುವುದು ಕಷ್ಟ. ಸಮಯವೂ ಹಣವೂ ಹೇರಳವಾಗಿರುವವನು ಕೋಡಿ ಬಿಡಬಹುದು, ಈ ಸಲ ತಪ್ಪಿದರೆ ಮುಂದಿನ ಸಲ. ಜೀವಮಾನಕ್ಕೊಮ್ಮೆ ಹೋಗುವವರು ಹೇಗೆ ಬಿಡಬೇಕು? ಮೊದಲನೆಯದೇ ಕೊನೆಯದಾಗಬಹುದಾದ ಪ್ರಯಾಣದಲ್ಲಿ ಖಾಲಿ ಗಂಟೆ ಎಂದರೆ ಹುಂಡಿಯಲ್ಲದ ಕಡೆ ಹಾಕಿದ ಕಾಣಿಕೆಯಲ್ಲವೆ?

ನಾನು ಬಹಳ ದಿನ ಇದನ್ನು ಯೋಚಿಸಿದೆ. ತಪ್ಪಬಾರದು ಎನ್ನುವುದು ಯಾವುದು ಎಂಬಲ್ಲಿ ಇದರ ಗಂಟು ಇದೆ. ಮಗನ ಲೆಕ್ಕದಲ್ಲಿ ತಪ್ಪಬಾರದ್ದು ಸ್ಥಳಗಳು. ತಾಯಿಯ ಲೆಕ್ಕದಲ್ಲಿ ತಪ್ಪಬಾರದ್ದು ಒಂದೇ: ಸುಮ್ಮನೆ ಕುಳಿತು ನೋಡುವುದು. ಒಬ್ಬರಿಗಾಗಿ ಮಾಡಿದ ಯೋಜನೆಯಲ್ಲಿ ಆ ಒಬ್ಬರ ಆಸೆಗೇ ಸಾಲಿಲ್ಲವೆಂದರೆ, ಅದು ಎಷ್ಟೇ ಪ್ರೀತಿಯಿಂದ ಮಾಡಿದ್ದಾದರೂ ಪ್ರೀತಿಯ ಗಡಿ ದಾಟಿ ಬೇರೊಂದು ಸೀಮೆಗೆ ಕಾಲಿಟ್ಟಂತೆ. ಆ ಸೀಮೆಯ ಹೆಸರು ಅಧಿಕಾರ. ಮಕ್ಕಳಿಗೆ ನಾವೂ ಇದನ್ನೇ ಮಾಡುತ್ತೇವೆ, ವಯಸ್ಸಾದ ಮೇಲೆ ಅವರು ನಮಗೆ ಮಾಡುತ್ತಾರೆ. ಎರಡೂ ಸಲ ಹೇಳುವ ಮಾತು ಒಂದೇ: ನಿನ್ನ ಒಳ್ಳೇದಕ್ಕೇ.

ಅಂಡಮಾನಿನಲ್ಲಿ ಸೆಲ್ಯುಲರ್ ಜೈಲಿನ ಅಂಗಳದಲ್ಲಿ ನಿಂತಾಗ ನನಗೆ ಈ ವಿಚಾರ ಇನ್ನೊಂದು ಬಗೆಯಲ್ಲಿ ಚುಚ್ಚಿತು. 1896ರಿಂದ 1906ರವರೆಗೆ ಹತ್ತು ವರ್ಷ ಕಟ್ಟಿದ ಕಟ್ಟಡ. ನಡುವೆ ಒಂದು ಗೋಪುರ, ಅದರಿಂದ ಚಕ್ರದ ಅರಗಳಂತೆ ಏಳು ಸಾಲುಗಳು, ಒಟ್ಟು 693 ಕೋಣೆಗಳು. ಈಗ ಉಳಿದಿರುವುದು ಮೂರೇ ಸಾಲು. ಒಂದು ಸಾಲಿನ ಮುಖ ಇನ್ನೊಂದು ಸಾಲಿನ ಬೆನ್ನಿಗೆ ಎದುರಾಗುವಂತೆ ಕಟ್ಟಿದ್ದರಿಂದ ಒಬ್ಬ ಕೈದಿ ಇನ್ನೊಬ್ಬನ ಮುಖ ನೋಡುವಂತಿರಲಿಲ್ಲ. ಯೋಜನೆಯ ದೃಷ್ಟಿಯಿಂದ ನೋಡಿದರೆ ಎಲ್ಲೂ ಬಿರುಕಿಲ್ಲದ ಕೆಲಸ. ಯಾವ ಗಂಟೆಯೂ ಯಾವ ಮೂಲೆಯೂ ಲೆಕ್ಕ ತಪ್ಪದಂತೆ ಇನ್ನೊಬ್ಬರ ದಿನವನ್ನು ಗೊತ್ತುಮಾಡುವ ಕಲೆ ಅದರ ತುದಿಯಲ್ಲಿ ಏನಾಗುತ್ತದೆಂದು ಆ ಕಟ್ಟಡ ತೋರಿಸುತ್ತದೆ. ಮಗನ ಹಾಳೆಗೂ ಇದಕ್ಕೂ ಹೋಲಿಕೆಯೆ ಎಂದು ಓದುಗರು ಕೇಳಬಹುದು. ಹೋಲಿಕೆಯಲ್ಲ. ದಾರಿ ಒಂದೇ, ಅವನು ನಿಂತದ್ದು ಮೊದಲ ಮೈಲಿಗಲ್ಲಿನ ಬಳಿ ಅಷ್ಟೆ.

ಹೊರಡುವ ಮೊದಲೇ ಅಕ್ಕ ಹಾಳೆಗೆ ಎರಡು ತಿದ್ದುಪಡಿ ಹೇಳಿದ್ದಳು. ಒಂದು, ಒಂದು ದಿನವನ್ನು ಪೂರ್ತಿ ಖಾಲಿ ಬಿಡಬೇಕು. ಇನ್ನೊಂದು ನನಗೆ ಅನಿರೀಕ್ಷಿತವಾಗಿತ್ತು. ನಾಲ್ಕನೆಯ ದಿನ ಸುಣ್ಣಕಲ್ಲಿನ ಗವಿಗಳನ್ನು ನೋಡಲು ಬಾರಾಟಾಂಗಿಗೆ ಹೋಗುವುದಿತ್ತು. ಆ ರಸ್ತೆ ಜಾರವಾ ಜನರ ಮೀಸಲು ಕಾಡಿನ ನಡುವೆ ಹಾದುಹೋಗುತ್ತದೆ. ವಾಹನಗಳನ್ನು ಸಾಲಾಗಿ ಕಾವಲಿನಲ್ಲಿ ಬಿಡುತ್ತಾರೆ. ನಿಲ್ಲಿಸುವಂತಿಲ್ಲ, ಫೋಟೋ ತೆಗೆಯುವಂತಿಲ್ಲ. ಮೊಮ್ಮಗಳು ಆಸೆಯಿಂದ, "ಅಜ್ಜಿ, ಕಾಡಿನ ಜನ ಕಾಣಿಸ್ತಾರಂತೆ" ಎಂದಳು. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, "ಕರೀದೇ ಇದ್ದೋರ ಮನೆ ಮುಂದೆ ಗಾಡಿ ಹೊಡ್ಕಂಡು ಇಣುಕಿ ನೋಡ್ತಾ ಹೋಗದು ಚಲೋ ಅಲ್ಲ ಮಗಾ. ಅದನ್ನ ಬಿಡು" ಅಂದಳು. ಯಾವುದನ್ನು ಸೇರಿಸಬೇಕು ಎಂದು ಎಲ್ಲರೂ ಯೋಚಿಸುತ್ತಿದ್ದೆವು. ಯಾವುದನ್ನು ಸೇರಿಸಬಾರದು ಎಂಬುದೂ ಯೋಜನೆಯ ಭಾಗವೇ ಎಂದು ಹೇಳಿದವಳು ಅವಳು. ಹುಡುಗ ಬಾರಾಟಾಂಗನ್ನು ಹೊಡೆದುಹಾಕಿದ. ಖಾಲಿ ದಿನದ ಮಾತಿಗೆ ಮಾತ್ರ, "ನೋಡಾಣ ಅವ್ವ" ಎಂದು ಜಾರಿಕೊಂಡ.

ಆ ಖಾಲಿ ದಿನವನ್ನು ಕೊನೆಗೆ ಸಮುದ್ರವೇ ಕೊಟ್ಟಿತು. ಹಿಂದೆ ಹ್ಯಾವ್ಲಾಕ್ ಎನ್ನುತ್ತಿದ್ದ, 2018ರಿಂದ ಸ್ವರಾಜ್ ದ್ವೀಪವೆಂದು ಹೆಸರಾದ ದ್ವೀಪದಲ್ಲಿದ್ದೆವು. ಬೆಳಿಗ್ಗೆ ಎದ್ದರೆ ಗಾಳಿ, ಮಳೆ. ಹಡಗು ಹೊರಡುವುದಿಲ್ಲವೆಂದು ಸುದ್ದಿ ಬಂತು. ನಾಳೆ ಹೊರಟೀತೆ ಎಂದರೆ ನಾಳೆ ನೋಡಬೇಕು ಎಂಬ ಉತ್ತರ. ಅಳಿಯನ ಮುಖ ಕಪ್ಪಿಟ್ಟಿತು. ಅಂದಿನ ಹಾಳೆಯಲ್ಲಿ ಏಳು ಸಾಲುಗಳಿದ್ದವು, ಏಳೂ ಹೋದವು. ಫೋನು ಹಿಡಿದು ಅತ್ತಿಂದಿತ್ತ ತಿರುಗಿದ. ಆದರೆ ಒಂದು ಗಂಟೆಯಲ್ಲಿ ಅವನಿಗೇ ಸಮಾಧಾನವಾಗುತ್ತ ಬಂತು, ಏಕೆಂದರೆ ನಿಜವಾಗಿ ತಪ್ಪಬಾರದ್ದು ಯಾವುದೂ ತಪ್ಪಿರಲಿಲ್ಲ. ಮಾತ್ರೆಗಳಿದ್ದವು. ಉಳಿಯಲು ಕೋಣೆಯಿತ್ತು. ಊರಿಗೆ ಮರಳುವ ವಿಮಾನಕ್ಕೆ ಇನ್ನೂ ಎರಡು ದಿನವಿತ್ತು. ತೂಬುಗಳನ್ನು ಅವನು ಗಟ್ಟಿಯಾಗಿ ಕಟ್ಟಿದ್ದ.

ಮಧ್ಯಾಹ್ನ ಮಳೆ ನಿಂತಾಗ ಅಕ್ಕ ಕಾಣಲಿಲ್ಲ. ಹುಡುಕಿಕೊಂಡು ಹೋದರೆ ನಾವಿಳಿದಿದ್ದ ಮನೆಯ ಹಿಂದಿನ ತೋಟದಲ್ಲಿದ್ದಳು. ಅಡಿಕೆ ತೋಟ! ಅಂಡಮಾನಿನಲ್ಲಿ ಅಡಿಕೆ ಬೆಳೆಯುತ್ತಾರೆಂದು ನಮ್ಮ ಹಾಳೆಯಲ್ಲಿ ಎಲ್ಲೂ ಬರೆದಿರಲಿಲ್ಲ. ದೇಶ ಒಡೆದ ಮೇಲೆ ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದ ಕುಟುಂಬಗಳು ಆ ದ್ವೀಪದಲ್ಲಿ ನೆಲೆಸಿ ತೆಂಗು ಅಡಿಕೆ ಹಾಕಿಕೊಂಡಿವೆ. ಅಂಥ ಒಂದು ಮನೆಯ ಹೆಂಗಸು, ಅಕ್ಕನ ವಯಸ್ಸಿನವಳೇ, ಜಗುಲಿಯ ಮೇಲೆ ಕುಳಿತು ಅಡಿಕೆ ಸುಲಿಯುತ್ತಿದ್ದಳು. ಅಕ್ಕ ಎದುರಿಗೆ ಕುಳಿತಿದ್ದಳು. ಅವಳು 'ಸುಪಾರಿ' ಎನ್ನುತ್ತಾಳೆ, ಇವಳು 'ಅಡಿಕೆ' ಎನ್ನುತ್ತಾಳೆ. ಅವರು ಹಣ್ಣಡಿಕೆಯನ್ನು ಒಣಗಿಸಿ ಸುಲಿಯುವುದನ್ನು ಕಂಡು ಅಕ್ಕ ನನಗೆ, "ಇವ್ರು ಕರಾವಳಿಯೋರಂಗೆ ಚಾಲಿ ಮಾಡ್ತಾರೆ ಕಣೋ ತಮ್ಮಾ" ಅಂದಳು. ಆಮೇಲೆ ನಮ್ಮ ಕಡೆ ಹಸಿ ಅಡಿಕೆಯನ್ನು ಸುಲಿದು, ಬೇಯಿಸಿ, ಚೊಗರಿನಲ್ಲಿ ಬಣ್ಣ ಕಟ್ಟಿಸಿ ಒಣಗಿಸುವುದನ್ನು ಕೈಸನ್ನೆಯಲ್ಲೇ ತೋರಿಸತೊಡಗಿದಳು. ಒಲೆ, ಹಂಡೆ, ಕುದಿಯುವ ನೀರು, ಎಲ್ಲವನ್ನೂ ಎರಡು ಕೈಗಳಲ್ಲಿ. ಆ ಹೆಂಗಸು ತಲೆ ಅಲ್ಲಾಡಿಸಿ ನಗುತ್ತಿದ್ದಳು. ಇಬ್ಬರಿಗೂ ಗಂಡಂದಿರಿಲ್ಲವೆಂಬುದು ಭಾಷೆಯಿಲ್ಲದೆಯೇ ಇಬ್ಬರಿಗೂ ತಿಳಿದಿತ್ತು. ಸಂಜೆ ಅವರಿಬ್ಬರೂ ತೋಟದಾಚೆಯ ದಂಡೆಯಲ್ಲಿ ಕತ್ತಲಾಗುವವರೆಗೂ ಕುಳಿತರು. ಅಕ್ಕ ಸಮುದ್ರ ನೋಡಿದ್ದು ಅಲ್ಲಿ.

ಇದನ್ನು ನೆಪಮಾಡಿಕೊಂಡು, ಯೋಜನೆಯೇ ಬೇಡ, ಎಲ್ಲ ತಾನಾಗಿ ಒದಗುತ್ತದೆ ಎಂದು ನಾನು ಹೇಳುತ್ತಿಲ್ಲ. ಮಾತ್ರೆ ಮುಗಿದಿದ್ದರೆ ಆ ಮಧ್ಯಾಹ್ನ ಬೇರೆಯೇ ಆಗುತ್ತಿತ್ತು. ಕೋಡಿಯಲ್ಲಿ ನೀರು ಚೆಂದವಾಗಿ ಹರಿಯುವುದು ಏರಿ ಗಟ್ಟಿಯಾಗಿರುವಾಗ ಮಾತ್ರ. ಹಾಗೆಯೇ ಎಲ್ಲವನ್ನೂ ಯೋಜಿಸಿಬಿಟ್ಟರೆ ಕ್ಷೇಮ ಎಂಬುದೂ ಸುಳ್ಳು. 2004ರ ಡಿಸೆಂಬರ್ 26ರ ಸುನಾಮಿಯ ದಿನ, ಆ ದ್ವೀಪಸಮೂಹದ ದಕ್ಷಿಣದ ತುದಿಯಾದ ಇಂದಿರಾ ಪಾಯಿಂಟಿನಲ್ಲಿ ನೆಲವೇ ನಾಲ್ಕು ಮೀಟರಿಗೂ ಹೆಚ್ಚು ಕುಸಿದು ದೀಪಸ್ತಂಭದ ಬುಡ ಸಮುದ್ರದ ಪಾಲಾಯಿತು. ನೆಲವೇ ಮಾತು ತಪ್ಪುವ ಲೋಕದಲ್ಲಿ ಮೂರರಿಂದ ಮೂರೂವರೆಯ ವಿಶ್ರಾಂತಿಯನ್ನು ಅಷ್ಟು ನೆಚ್ಚಿಕೊಳ್ಳಬಾರದು.

ಹಾಗಾದರೆ ಮೊದಲ ಸಲ ದ್ವೀಪಕ್ಕೆ ಹೋಗುವವರು ಎಷ್ಟು ಯೋಜಿಸಬೇಕು? ನನಗೆ ತೋಚಿದ್ದು ಇಷ್ಟು. ಮರಳಿ ಬರುವುದನ್ನು ಯೋಜಿಸಿರಿ, ಅದಕ್ಕೆ ಒಂದೆರಡು ದಿನದ ಎಡೆ ಇರಲಿ. ಔಷಧವನ್ನು ಯೋಜಿಸಿರಿ. ಅಲ್ಲಿನವರ ನೀರಿಗೆ, ನೆಲಕ್ಕೆ, ಅವರ ಮರ್ಯಾದೆಗೆ ಸಂಬಂಧಿಸಿದ್ದನ್ನು ಹೋಗುವ ಮುನ್ನವೇ ಕೇಳಿ ತಿಳಿದುಕೊಳ್ಳಿರಿ. ಕರೆಯದ ಮನೆಗಳನ್ನು ಬಿಟ್ಟುಬಿಡಿರಿ. ಇಷ್ಟು ತೂಬಿನ ಕೆಲಸ. ದಿನದ ಹೊಟ್ಟೆಯೊಳಗೆ ಏನಿರಬೇಕೆಂಬುದನ್ನು ದಿನಕ್ಕೇ ಬಿಡಿರಿ. ಇನ್ನೊಬ್ಬರನ್ನು ಕರೆದುಕೊಂಡು ಹೋಗುವುದಾದರೆ, ಮೊದಲ ಸಾಲು ಬರೆಯುವ ಮುಂಚೆ ಅವರನ್ನು ಒಂದು ಮಾತು ಕೇಳಿರಿ. ಬಹುಮಟ್ಟಿಗೆ ಅವರ ಆಸೆ ನಿಮ್ಮ ಹಾಳೆಗಿಂತ ಚಿಕ್ಕದಾಗಿರುತ್ತದೆ, ಖರ್ಚೂ ಕಡಿಮೆಯಿರುತ್ತದೆ.

ಈಗ ಊರಿನಲ್ಲಿ ಯಾರಾದರೂ "ಅಂಡಮಾನಿನಾಗೆ ಏನೇನು ನೋಡಿದಿರಿ ಅಕ್ಕಾರೆ?" ಎಂದು ಕೇಳಿದರೆ ಅವಳು ಕಡಲತೀರಗಳ ಹೆಸರು ಹೇಳುವುದಿಲ್ಲ, ಹೆಸರು ನೆನಪಿಲ್ಲ. "ಅಲ್ಲೂ ಅಡಕಿ ಐತಿ, ಆದ್ರೆ ಬೇಯ್ಸಲ್ಲ" ಎನ್ನುತ್ತಾಳೆ. ಮಗನಿಗೆ ಇದನ್ನು ಕೇಳಿ ಮೊದಮೊದಲು ಸ್ವಲ್ಪ ನೋವಾಗುತ್ತಿತ್ತು. ಅಷ್ಟು ದುಡ್ಡು ಸುರಿದು ತೋರಿಸಿದ್ದಕ್ಕೆ ಇದೇ ಫಲವೆ ಎಂದು. ಈಗೀಗ ಅವನೇ ಬಂದವರಿಗೆ ಆ ಕಥೆ ಹೇಳುತ್ತಾನೆ, ಆ ಬಂಗಾಳಿ ಹೆಂಗಸು ನಕ್ಕದ್ದನ್ನೂ ಸೇರಿಸಿ. ಬೇಸಿಗೆಯಲ್ಲಿ ಹೆಂಡತಿಯ ತಂದೆ ತಾಯಿಯನ್ನು ಮಲ್ಪೆಗೆ ಕರೆದುಕೊಂಡು ಹೋಗಬೇಕೆಂದಿದ್ದಾನಂತೆ. ದೋಣಿಯ ಹೊತ್ತನ್ನು ವಿಚಾರಿಸಿಕೊಂಡಿದ್ದಾನೆ. ಉಳಿದದ್ದನ್ನು ಅವರನ್ನೇ ಕೇಳಬೇಕು ಮಾವ, ಅಂದ.